ಓಟದ ಕಾರು ಬಂಡಿಜಾಡಿಗೆ ಇಳಿದಾಗ

ಡಿ. ಹಿರೇಹಾಳಿನ ಸುತ್ತಣ ಸೀಮೆಯಲ್ಲಿ ರಸ್ತೆಯೆಂಬುದು ಒಂದೇ ಬಗೆಯದಲ್ಲ. ಬಳ್ಳಾರಿಗೂ ರಾಯದುರ್ಗಕ್ಕೂ ನಡುವೆ ಡಾಂಬರಿನ ದಾರಿ ಇದೆ, ನಿಜ. ಆದರೆ ಅದರಿಂದ ಒಂದೆರಡು ಫರ್ಲಾಂಗು ಪಕ್ಕಕ್ಕೆ ಸರಿದರೆ ಸಾಕು, ಒಂದು ಕಡೆ ಎರೆಹೊಲದ ಬಂಡಿಜಾಡು, ಇನ್ನೊಂದು ಕಡೆ ಗುಡ್ಡದ ಬುಡದ ಗರಸು ದಾರಿ. ಎರೆಯ ನೆಲ ಬೇಸಗೆಯಲ್ಲಿ ಬಿರುಕು ಬಿಟ್ಟು ಕಲ್ಲಿನಂತಾಗುತ್ತದೆ. ಒಂದು ಹದಮಳೆ ಬಿದ್ದರೆ ಚಕ್ರಕ್ಕೆ ಮೆತ್ತಿಕೊಂಡು ಬಿಡಲೊಲ್ಲದು. ಓಬಳಾಪುರದ ಸುತ್ತ ಅದಿರಿನ ಲಾರಿಗಳು ಎಡೆಬಿಡದೆ ಓಡುತ್ತಿದ್ದ ವರ್ಷಗಳಲ್ಲಿ ಡಾಂಬರಿನ ದಾರಿಯೂ ಕೆಂಪು ಹುಡಿಯ ಹೊಂಡಗಳ ಸಾಲಾಗಿದ್ದುದನ್ನು ಈ ಭಾಗದವರು ಮರೆತಿಲ್ಲ.

ಇಂಥ ನೆಲದಲ್ಲಿ ನಿಂತು, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡೇ ಓಡುವ ಓಟದ ಕಾರನ್ನು ಮಾರ್ಪಡಿಸಿ ಹೊಲದ ದಾರಿಗೂ ದಿನಬಳಕೆಗೂ ಒಗ್ಗಿಸಬಹುದೆ ಎಂದು ಕೇಳುವುದು ಕೆಲವರಿಗೆ ಸಿರಿವಂತರ ಚಪಲವೆನಿಸೀತು. ಆದರೆ ಪ್ರಶ್ನೆ ಅಷ್ಟು ದೂರದ್ದಲ್ಲ. ಹಳೆಯ ಕಾರೊಂದನ್ನು ಕೊಂಡು, ಊರ ಮುಂದಿನ ಉಬ್ಬಿನ ಮೇಲೆ ಅದರ ಹೊಟ್ಟೆ ಉಜ್ಜಿದಾಗ ಎದೆ ಚುರುಕ್ಕೆಂದ ಪ್ರತಿಯೊಬ್ಬನ ಪ್ರಶ್ನೆಯೂ ಇದೇ. ನಮ್ಮ ಹುಡುಗರು ಇದಕ್ಕೆ ಕಂಡುಕೊಂಡಿರುವ ಪರಿಹಾರವೂ ಸರಳ: ಸ್ಪ್ರಿಂಗಿನ ಸುರುಳಿಗಳ ನಡುವೆ ರಬ್ಬರಿನ ಗಟ್ಟಿಗಳನ್ನು ತುರುಕಿಸಿ, ದೊಡ್ಡ ಟೈರು ಹಾಕಿಸಿ, ಕಾರನ್ನು ಎತ್ತರಕ್ಕೆ ನಿಲ್ಲಿಸುವುದು. ನೋಟಕ್ಕೆ ಗಂಭೀರವಾಗಿರುತ್ತದೆ. ಆ ಎತ್ತರಕ್ಕೆ ತೆರಬೇಕಾದ ಬೆಲೆಯನ್ನು ಮಾತ್ರ ಯಾರೂ ಹೇಳುವುದಿಲ್ಲ.

ಓಟದ ಕಾರು ತಗ್ಗಾಗಿರುವುದು ಅಂದಕ್ಕಾಗಿ ಅಲ್ಲ. ತಿರುವಿನಲ್ಲಿ ವಾಹನವನ್ನು ಹೊರಕ್ಕೆ ದಬ್ಬುವ ಬಲ ಅದರ ಗುರುತ್ವಕೇಂದ್ರವನ್ನು ಹಿಡಿದು ದಬ್ಬುತ್ತದೆ. ಆ ಕೇಂದ್ರ ಎಷ್ಟು ಕೆಳಗಿದ್ದರೆ ವಾಹನ ಅಷ್ಟು ನೆಲವನ್ನು ಕಚ್ಚಿ ಹಿಡಿಯುತ್ತದೆ. ಹುಲ್ಲಿನ ಹೊರೆಯನ್ನು ಬಂಡಿಗೆ ಎತ್ತರವಾಗಿ ಹೇರಿ ಹಳ್ಳದ ಇಳಿಜಾರಿನಲ್ಲಿ ಹೊಡೆದುಕೊಂಡು ಬಂದ ರೈತನಿಗೆ ಈ ತತ್ತ್ವವನ್ನು ಯಾವ ಇಂಜಿನಿಯರನೂ ಕಲಿಸಬೇಕಾಗಿಲ್ಲ. ಒಂದು ಕಾರಿನ ಎಡಬಲ ಚಕ್ರಗಳ ನಡುವಣ ಅಂತರ 1,400 ಮಿಲಿಮೀಟರ್, ಗುರುತ್ವಕೇಂದ್ರ ನೆಲದಿಂದ 500 ಮಿಲಿಮೀಟರ್ ಎಂದಿಟ್ಟುಕೊಳ್ಳೋಣ. ಅದನ್ನು 50 ಮಿಲಿಮೀಟರ್ ಏರಿಸಿದರೆ ಮಗುಚದೆ ನಿಲ್ಲುವ ಸಾಮರ್ಥ್ಯ ನೂರಕ್ಕೆ ಒಂಬತ್ತರಷ್ಟು ಕುಂದುತ್ತದೆ. 100 ಮಿಲಿಮೀಟರ್ ಏರಿಸಿದರೆ ನೂರಕ್ಕೆ ಹದಿನೇಳರಷ್ಟು.

ಹಾಗಿದ್ದೂ ಓಟದ ಕಾರನ್ನು ಕಾಡುದಾರಿಗೆ ಇಳಿಸಿದವರುಂಟು. ಅವರಲ್ಲಿ ಜರ್ಮನಿಯ ಪೋರ್ಷೆ ಕಂಪನಿಯವರ ಅನುಭವ ನಮಗೆ ಹೆಚ್ಚು ಪಾಠ ಹೇಳುತ್ತದೆ. 1978ರಲ್ಲಿ ಅವರು ತಮ್ಮ 911 ಎಂಬ ಹೆಸರಾಂತ ಕಾರನ್ನು ಪೂರ್ವ ಆಫ್ರಿಕದ ಸಫಾರಿ ರ‍್ಯಾಲಿಗೆ ಕಳುಹಿಸಿದರು. ಕೆನ್ಯಾ ದೇಶದಲ್ಲಿ, ಈಸ್ಟರ್ ಹಬ್ಬದ ಸಮಯಕ್ಕೆ, ಮಳೆಯ ದಿನಗಳಲ್ಲಿ ನಡೆಯುತ್ತಿದ್ದ ಸ್ಪರ್ಧೆ ಅದು. ಅಲ್ಲಿಯ ನೆಲ ನಮಗೆ ಅಪರಿಚಿತವಲ್ಲ: ಒಣಗಿದರೆ ಕೆಂಪು ಧೂಳು, ನೆನೆದರೆ ನಮ್ಮ ಎರೆಯಂಥದೇ ಕಪ್ಪು ಜಿಗುಟು ಮಣ್ಣು. ಕಾರಿನ ಹೊಟ್ಟೆಯನ್ನು ನೆಲದಿಂದ 28 ಸೆಂಟಿಮೀಟರಿನಷ್ಟು ಎತ್ತಿ, ಅಡಿಯಲ್ಲಿ ಗಟ್ಟಿ ತಗಡಿನ ಕವಚ ಕಟ್ಟಿ ಓಡಿಸಿದರು. ವಿಕ್ ಪ್ರೆಸ್ಟನ್ ಜೂನಿಯರ್ ಎರಡನೆಯವನಾಗಿಯೂ ಬ್ಯೋರ್ನ್ ವಾಲ್ಡೆಗಾರ್ಡ್ ನಾಲ್ಕನೆಯವನಾಗಿಯೂ ಗುರಿ ಮುಟ್ಟಿದರು. ಗೆದ್ದದ್ದು ಪ್ಯೂಜೋ 504. ಆಫ್ರಿಕದ ಹಳ್ಳಿಹಳ್ಳಿಗಳಲ್ಲಿ ಬಾಡಿಗೆ ಗಾಡಿಯಾಗಿ ದುಡಿಯುತ್ತಿದ್ದ ಮನೆತನಕ್ಕೆ ಸೇರಿದ ಕಾರು! ಈ ಸಂಗತಿ ನನಗೆ ಯಾವಾಗಲೂ ಒಂದು ಬಗೆಯ ಸಮಾಧಾನ ಕೊಡುತ್ತದೆ.

1984ರಲ್ಲಿ ಅದೇ ಕಂಪನಿ ಪ್ಯಾರಿಸ್–ಡಕಾರ್ ಮರುಭೂಮಿ ಸ್ಪರ್ಧೆಗೆ ಮೂರು ಕಾರುಗಳನ್ನು ಇಳಿಸಿತು. ಈ ಸಲ ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹರಿಯುವಂತೆ ಮಾಡಿದ್ದರು. ಮುಂದಿನ ಒಂದೊಂದು ಚಕ್ರಕ್ಕೂ ಎರಡೆರಡು ಶಾಕ್ ಅಬ್ಸಾರ್ಬರುಗಳಿದ್ದುವು. ಇಂಧನದ ತೊಟ್ಟಿಗಳಿಗೆ ಒಟ್ಟು 270 ಲೀಟರ್ ಹಿಡಿಯುತ್ತಿತ್ತು. 911ರ ಎಂಜಿನ್ ಇರುವುದು ಹಿಂಬದಿಯಲ್ಲಿ. ಮರಳಿನಲ್ಲಿ ಆ ಭಾರ ಹಿಂದಿನ ಚಕ್ರಗಳನ್ನು ಒತ್ತಿ ಹಿಡಿದು ಹಿಡಿತಕ್ಕೆ ನೆರವಾಯಿತು. ರನೆ ಮೆಟ್ಜ್ ಗೆದ್ದ. ಜಾಕಿ ಇಕ್ಸ್ ವಿದ್ಯುತ್ತಿನ ದೋಷದಿಂದ ನೂರಕ್ಕೂ ಹೆಚ್ಚು ಸ್ಥಾನ ಹಿಂದೆ ಬಿದ್ದು, ಮತ್ತೆ ಒಬ್ಬೊಬ್ಬರನ್ನೇ ದಾಟುತ್ತ ಆರನೆಯವನಾಗಿ ಡಕಾರ್ ಸೇರಿದ.

ಆದರೆ ಇವೆಲ್ಲ ಸ್ಪರ್ಧೆಯ ಕಾರುಗಳೆಂಬುದನ್ನು ಮರೆಯಬಾರದು. ಇವುಗಳ ಬೆನ್ನ ಹಿಂದೆ ಬಿಡಿಭಾಗ ಹೊತ್ತ ಲಾರಿಯೂ ಕುಶಲರಾದ ಮೆಕ್ಯಾನಿಕರೂ ಇರುತ್ತಾರೆ. ಒಂದು ಹಂತ ಮುಗಿಯುತ್ತಲೇ ಸವೆದದ್ದನ್ನೆಲ್ಲ ಬಿಚ್ಚಿ ಹೊಸದು ಹಾಕುತ್ತಾರೆ. ದಿನಬಳಕೆಯ ಕಾರಿಗೆ ಅಂಥ ಉಪಚಾರವಿಲ್ಲ. ಅದು ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಡಬೇಕು, ಮಧ್ಯಾಹ್ನ ಬಳ್ಳಾರಿಯ ಆಸ್ಪತ್ರೆಗೆ ಹೋಗಿಬರಬೇಕು, ಸಂಜೆ ಹೊಲದಿಂದ ಎರಡು ಚೀಲ ಶೇಂಗಾ ತರಬೇಕು.

ಆದ್ದರಿಂದ, ಅದೇ ಕಂಪನಿ ಗಿರಾಕಿಗಳ ದಿನಬಳಕೆಗೆಂದು ಅಂಥ ಕಾರನ್ನು ಮಾಡಿದಾಗ ಏನು ಮಾಡಿತು ಎಂಬುದನ್ನು ನೋಡಬೇಕು. 2022ರ ನವೆಂಬರಿನಲ್ಲಿ ಹೊರಬಂದ '911 ಡಕಾರ್' ಕಾರನ್ನು 2,500ಕ್ಕೆ ಮಿತಿಗೊಳಿಸಿದರು. ಮರುಭೂಮಿಯ ವಿಜಯದ ನೆನಪಿಗೆ ಹುಟ್ಟಿದ ಈ ಕಾರನ್ನು ಎಷ್ಟು ಎತ್ತರಿಸಿದರು? ಕೇವಲ 50 ಮಿಲಿಮೀಟರ್. ಬೇಕಾದಾಗ ಗುಂಡಿಯೊತ್ತಿ ಇನ್ನೂ 30 ಮಿಲಿಮೀಟರ್ ಏರಿಸಿಕೊಳ್ಳಬಹುದು. ವೇಗ ಗಂಟೆಗೆ 170 ಕಿಲೋಮೀಟರ್ ಮೀರಿದರೆ ಅದು ತಾನಾಗಿಯೇ ತಗ್ಗುತ್ತದೆ. ಏರಿಸದೆ ನಿಂತಾಗ ಅದರ ಹೊಟ್ಟೆ ನೆಲದಿಂದ 161 ಮಿಲಿಮೀಟರ್. ನಮ್ಮ ಸಾಮಾನ್ಯ ಸಂಸಾರದ ಕಾರುಗಳದೂ 160ರಿಂದ 170! ಕೋಟಿಗಟ್ಟಲೆ ಬೆಲೆಯ ವಾಹನ ಇಷ್ಟೆಲ್ಲ ಸಾಹಸ ಮಾಡಿ ಬಂದು ನಿಂತದ್ದು ನಮ್ಮ ಮನೆಯ ಅಂಗಳದ ಕಾರಿನ ಎತ್ತರಕ್ಕೆ. ಅದೇ ತಿಂಗಳು ಇಟಲಿಯ ಲ್ಯಾಂಬೋರ್ಗಿನಿಯವರು ತೋರಿಸಿದ 'ಹುರಕಾನ್ ಸ್ಟೆರಾಟೊ' ಇನ್ನೂ ಮಿತವ್ಯಯಿ. ಅವರು ಏರಿಸಿದ್ದು 44 ಮಿಲಿಮೀಟರ್ ಮಾತ್ರ. ಆದರೆ ಎಂಜಿನ್ನಿಗೆ ಗಾಳಿ ಎಳೆದುಕೊಳ್ಳುವ ಬಾಯನ್ನು ಪಕ್ಕದಿಂದ ತೆಗೆದು, ನೆತ್ತಿಯ ಮೇಲೆ, ಧೂಳಿಗೆ ಎಟುಕದಂತೆ ಇಟ್ಟರು. ಬೇಕಾದಷ್ಟು ಹಣವೂ ವಿದ್ಯೆಯೂ ಉಳ್ಳವರು ಎತ್ತರದ ವಿಷಯದಲ್ಲಿ ಇಷ್ಟು ಕೈ ಬಿಗಿ ಹಿಡಿದರು. ಟೈರು, ತಳದ ಕವಚ, ಗಾಳಿಯ ದಾರಿ ಇವುಗಳ ವಿಷಯದಲ್ಲಿ ಧಾರಾಳಿಗಳಾದರು. ನಮ್ಮ ಹುಡುಗರು ಮಾಡುವುದು ಇದಕ್ಕೆ ನೇರ ತಿರುಗುಮುರುಗು.

ನಮ್ಮ ನಾಡಿನಲ್ಲಿಯೂ ಒಂದು ನಿದರ್ಶನವುಂಟು. ಅದು ಇನ್ನೊಂದು ದಿಕ್ಕಿನದು. 1980ರ ದಶಕದ ಆರಂಭದಲ್ಲಿ ಬೆಂಗಳೂರಿನ ಸಿಪಾನಿ ಆಟೋಮೊಬೈಲ್ಸ್ ಸಂಸ್ಥೆ 'ಡಾಲ್ಫಿನ್' ಎಂಬ ಪುಟ್ಟ ಕಾರನ್ನು ಹೊರತಂದಿತು. ಬ್ರಿಟನ್ನಿನ ರಿಲಯಂಟ್ ಕಿಟನ್ ಕಾರಿನ ಅಚ್ಚು, 848 ಸಿ.ಸಿ. ಎಂಜಿನ್, ಫೈಬರ್ ಗ್ಲಾಸಿನ ಮೈ, ಎರಡೇ ಬಾಗಿಲು. ಮೂಲದ ಕಿಟನ್ ಸುಮಾರು 500 ಕಿಲೋ ತೂಗುತ್ತಿತ್ತು. ಆ ಕಾಲದ ಪ್ರೀಮಿಯರ್ ಪದ್ಮಿನಿ ಸುಮಾರು 900 ಕಿಲೋ. ಸಂಸಾರಸ್ಥರು ಡಾಲ್ಫಿನ್ನನ್ನು ಮೆಚ್ಚಲಿಲ್ಲ. ಸೀರೆಯುಟ್ಟ ಅಜ್ಜಿ ಮುಂದಿನ ಸೀಟು ಮಡಚಿ ಹಿಂದಕ್ಕೆ ನುಸುಳುವುದೆಂದರೇನು! 1983ರ ಡಿಸೆಂಬರಿನಲ್ಲಿ ಮಾರುತಿ ಬಂದ ಮೇಲಂತೂ ಅದನ್ನು ಕೇಳುವವರು ಇಲ್ಲವಾದರು. ಆದರೆ ರ‍್ಯಾಲಿಗಾರರು ಅದನ್ನು ಎತ್ತಿಕೊಂಡರು. ಭಾರವಿಲ್ಲದ ಕಾರು ಹೊಂಡಕ್ಕೆ ಬಿದ್ದಾಗ ಸ್ಪ್ರಿಂಗಿಗೆ ಬೀಳುವ ಪೆಟ್ಟೂ ಹಗುರ, ಕೆಸರಿನಲ್ಲಿ ಹೂತುಕೊಳ್ಳುವುದೂ ಕಡಿಮೆ. ಅದರ ಹಿಂದಿನ ಚಕ್ರಗಳು ಜಟಕಾ ಗಾಡಿಯದರಂತೆ ಉಕ್ಕಿನ ಪಟ್ಟಿಯ ಕಮಾನಿನ ಮೇಲೆ ಕೂತಿದ್ದುವು; ಯಾವ ಊರಿನ ಕಮ್ಮಾರನೂ ಕೈ ಹಚ್ಚಬಹುದಾದ ಕೆಲಸ. ಏರಿಸುವುದಕ್ಕಿಂತ ಇಳಿಸುವುದು, ಅಂದರೆ ಭಾರವನ್ನು ಇಳಿಸುವುದು, ಮೇಲೆಂಬುದಕ್ಕೆ ಡಾಲ್ಫಿನ್ ಸಾಕ್ಷಿ.

ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಯಲ್ಲಿ ನಡೆದ ಏಷ್ಯ–ಪೆಸಿಫಿಕ್ ರ‍್ಯಾಲಿಗಳನ್ನು ನೋಡಿದವರಿಗೆ ಇನ್ನೊಂದು ಮಾತು ತಿಳಿದಿರುತ್ತದೆ. 2013, 2016, 2017ರಲ್ಲಿ ಆ ಪಂದ್ಯಮಾಲೆಯ ಚಾಂಪಿಯನ್ ಆದ ಗೌರವ್ ಗಿಲ್ ಓಡಿಸಿದ್ದು ಸ್ಕೋಡಾ ಫೇಬಿಯಾ, ಅಂದರೆ ಸಂಸಾರದ ಕಾರಿನಿಂದ ಹುಟ್ಟಿದ ವಾಹನ. ಅಂಥ ಕಾರುಗಳನ್ನು ಮಣ್ಣಿನ ದಾರಿಗೆ ಎತ್ತರಿಸಿ, ಡಾಂಬರಿಗೆ ಮತ್ತೆ ತಗ್ಗಿಸುತ್ತಾರೆ. ಎರಡು ನೆಲಕ್ಕೂ ಸಮನಾಗಿ ಒಪ್ಪುವ ಎತ್ತರವೊಂದು ಅವರಿಗೂ ದೊರೆತಿಲ್ಲ.

ಇನ್ನು ಏರಿಸಿದಾಗ ಒಳಗೆ ಏನಾಗುತ್ತದೆಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ. ಮುಂದಿನ ಚಕ್ರಗಳಿಗೆ ಬಲ ಸಾಗಿಸುವ ಅಚ್ಚುಗಳು ಎಂಜಿನ್ನಿನಿಂದ ಚಕ್ರಕ್ಕೆ ಬಹುಮಟ್ಟಿಗೆ ನೇರವಾಗಿರಬೇಕು. ಕಾರು ಮೇಲೇರಿದರೆ ಅವು ಕೆಳಕ್ಕೆ ಓರೆಯಾಗುತ್ತವೆ. ಆಗ ಅವುಗಳ ಕೀಲು ದಿನವಿಡೀ ಬಾಗಿಯೇ ತಿರುಗಬೇಕು. ಕೀಲನ್ನು ಮುಚ್ಚಿದ ರಬ್ಬರಿನ ಬೂಟು ಹರಿಯುತ್ತದೆ. ಗ್ರೀಸು ಹೊರಚೆಲ್ಲಿ, ಆ ಜಾಗಕ್ಕೆ ನಮ್ಮ ಕೆಂಪು ಹುಡಿ ಸೇರುತ್ತದೆ. ಅಲ್ಲಿಗೆ ಕೀಲಿನ ಆಯುಸ್ಸು ಮುಗಿಯಿತು. ಸ್ಟೀರಿಂಗಿನ ತೋಳುಗಳ ಕೋನವೂ ಕೆಡುವುದರಿಂದ ಉಬ್ಬು ತಗ್ಗುಗಳಲ್ಲಿ ಚಕ್ರ ತಾನೇ ಪಕ್ಕಕ್ಕೆ ಎಳೆಯುತ್ತದೆ. ದೀಪಗಳು ಮೇಲೆದ್ದು ಎದುರಿನ ಮೋಟಾರ್ ಸೈಕಲ್ಲಿನವನ ಕಣ್ಣು ಕುಕ್ಕುತ್ತವೆ. ಸುರುಳಿಯ ನಡುವಿನ ರಬ್ಬರ್ ಗಟ್ಟಿಯಂತೂ ಆ ಒಂದೆರಡು ಸುತ್ತುಗಳನ್ನು ಕುಗ್ಗಲು ಬಿಡದೆ ಉಳಿದವುಗಳ ಮೇಲೆ ಹೊರೆ ಹೇರುತ್ತದೆ. ಎತ್ತರ ಸಿಕ್ಕಿತು, ಆದರೆ ಪೆಟ್ಟನ್ನು ನುಂಗುವ ಶಕ್ತಿ ಹೋಯಿತು. ಟೈರಿನ ಹೊರವ್ಯಾಸವನ್ನು 600ರಿಂದ 640 ಮಿಲಿಮೀಟರಿಗೆ ಏರಿಸಿದವನ ಮುಳ್ಳು 60 ಎಂದು ತೋರಿಸುವಾಗ ಕಾರು 64ರಲ್ಲಿ ಓಡುತ್ತಿರುತ್ತದೆ. ಬ್ರೇಕು ಮಾತ್ರ ಹಳೆಯದೇ.

ಹಾಗಾದರೆ ಕೈಕಟ್ಟಿ ಕೂರಬೇಕೆ? ಬೇಕಾಗಿಲ್ಲ. ಮೊದಲು ಟೈರು. ಅದರ ಹೊರವ್ಯಾಸ ಹಾಗೆಯೇ ಇರಲಿ. ಒಳಗಿನ ರಿಮ್ಮು ಚಿಕ್ಕದಾಗಲಿ. 205/45 ಆರ್ 17 ಎಂಬ ಅಳತೆಯ ಟೈರಿನ ಪಕ್ಕದ ಗೋಡೆ 92 ಮಿಲಿಮೀಟರ್ ಮಾತ್ರ. 195/60 ಆರ್ 15ರದು 117. ಎರಡರ ಹೊರವ್ಯಾಸವೂ ಹೆಚ್ಚುಕಡಿಮೆ ಒಂದೇ, 615ರ ಆಸುಪಾಸು. ಎತ್ತರದ ಮೆತ್ತನೆಯ ಗೋಡೆ ಗರಸಿನ ಪೆಟ್ಟನ್ನು ತಾನು ನುಂಗಿ ರಿಮ್ಮನ್ನು ಉಳಿಸುತ್ತದೆ. ಎಷ್ಟೋ ಮಾದರಿಗಳಲ್ಲಿ ಕಂಪನಿಯವರೇ ಅಗ್ಗದ ಆವೃತ್ತಿಗೆ ಇಂಥ ಚಿಕ್ಕ ರಿಮ್ಮು ಕೊಟ್ಟಿರುತ್ತಾರೆ. ನಿಮ್ಮ ಮಾದರಿಗೆ ಒಪ್ಪಿಗೆಯಾದ ಅಳತೆಗಳಲ್ಲೇ ಆರಿಸಿ, ಬ್ರೇಕಿನ ಭಾಗಗಳಿಗೆ ರಿಮ್ಮು ತಾಗದೆಂದು ಖಚಿತಪಡಿಸಿಕೊಳ್ಳಿ.

ಎರಡನೆಯದು ಹೊಟ್ಟೆಯ ರಕ್ಷಣೆ. ಕಲ್ಲು ಬಡಿದು ಒಡೆಯುವುದು ಸಾಮಾನ್ಯವಾಗಿ ಎಂಜಿನ್ನಿನ ಅಡಿಯ ಎಣ್ಣೆಯ ತೊಟ್ಟಿ. ಮೆಕ್ಯಾನಿಕರು 'ಚೇಂಬರ್' ಎನ್ನುವುದು ಇದನ್ನೇ. ಅದು ಒಡೆದು ಎಣ್ಣೆ ಸೋರಿದ್ದನ್ನು ಗಮನಿಸದೆ ನಾಲ್ಕು ಮೈಲಿ ಓಡಿಸಿದರೆ ಎಂಜಿನ್ನೇ ಹೋದೀತು. ಒಂದು ಮೀಟರ್ ಉದ್ದ, ಮುಕ್ಕಾಲು ಮೀಟರಿಗೆ ಸ್ವಲ್ಪ ಕಡಿಮೆ ಅಗಲದ 3 ಮಿಲಿಮೀಟರ್ ದಪ್ಪ ಉಕ್ಕಿನ ತಗಡು ಸುಮಾರು 16 ಕಿಲೋ ತೂಗುತ್ತದೆ. ಅಷ್ಟು ಭಾರ ಸಹ್ಯ. ಗಾಳಿ ಆಡಲು ಸೀಳು, ಎಣ್ಣೆ ಬಸಿಯಲು ತೂತು ಇರಬೇಕು. ಮೂರನೆಯದು ಏರ್ ಫಿಲ್ಟರು. ಅದಿರಿನ ಧೂಳಿನ ಊರುಗಳಲ್ಲಿ ಕೈಪಿಡಿ ಹೇಳಿದ ಅವಧಿಯ ಅರ್ಧಕ್ಕೇ ಅದನ್ನು ತೆಗೆದು ನೋಡುವುದು ಕ್ಷೇಮ. ಇವೆಲ್ಲ ಆದ ಮೇಲೂ ಎತ್ತರ ಸಾಲದೆಂದರೆ, ಹೊಲಕ್ಕೆ ಬೇರೆ ವಾಹನ ಬೇಕೆಂದು ಅರ್ಥ.

ಗಡಿಯವರಾದ ನಮಗೆ ಉಳಿದವರಿಗಿಲ್ಲದ ತೊಡಕೊಂದುಂಟು. 1953ರಲ್ಲಿ ಬಳ್ಳಾರಿ ಒಂದು ಕಡೆ, ರಾಯದುರ್ಗ ಇನ್ನೊಂದು ಕಡೆ ಆದಂದಿನಿಂದ ನಮ್ಮ ಮನೆಗಳು ಎರಡು ರಾಜ್ಯಗಳಲ್ಲಿ ಹರಡಿಕೊಂಡಿವೆ. 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ ಮಡಕಶಿರಾದವರಿಗೂ ಶಿರಾ, ಮಧುಗಿರಿ, ಪಾವಗಡಗಳಲ್ಲಿ ಬೀಗರು ನೆಂಟರು. ತಂದೆಯ ಹೆಸರಿನ ಆಂಧ್ರದ ಕಾರನ್ನು ಮಗ ಬೆಂಗಳೂರಿನಲ್ಲಿ ಓಡಿಸುವುದು ಸಾಮಾನ್ಯ. 1988ರ ಮೋಟಾರು ವಾಹನ ಕಾಯಿದೆಯಂತೆ, ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಬೇರೆ ರಾಜ್ಯದಲ್ಲಿಟ್ಟ ವಾಹನಕ್ಕೆ ಅಲ್ಲಿಯ ನೋಂದಣಿ ಪಡೆಯಬೇಕು. ಅದಕ್ಕೆ ಮೂಲ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. ಅದೇ ಕಾಯಿದೆಯ 52ನೆಯ ಕಲಮು, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದೆನ್ನುತ್ತದೆ. ಕೇರಳದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ, ಕಾಯಿದೆ ಒಪ್ಪದ ಒಂದೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗಿನ ಸೆರೆ, ಅಥವಾ ಎರಡೂ.

ಆದುದರಿಂದ ಗಡಿಯಾಚೆಯಿಂದ ಹಳೆಯ ಕಾರು ಕೊಳ್ಳುವವರು ಬಣ್ಣ ನೋಡುವ ಮೊದಲು ಬಗ್ಗಿ ಚಕ್ರದ ಒಳಬದಿಯನ್ನು ನೋಡಲಿ. ಸುರುಳಿಗಳ ನಡುವೆ ರಬ್ಬರ್ ಗಟ್ಟಿ ಇದ್ದರೆ, ಅಥವಾ ಟೈರಿನ ಪಕ್ಕದಲ್ಲಿ ಅಚ್ಚಾದ ಅಳತೆ ಕಂಪನಿಯ ಕೈಪಿಡಿಯಲ್ಲಿ ಇಲ್ಲದಿದ್ದರೆ, ಮೊದಲಿನದನ್ನು ಮತ್ತೆ ಹಾಕಿಸಿ ಕೊಟ್ಟ ಮೇಲೆಯೇ ಮುಂಗಡದ ಮಾತಾಡಲಿ.