ಮುಖವಾಡದ ಹಿಂದೆ ಏನೂ ಇರಲಿಲ್ಲ

ಡೇನಿಯಲ್ ಪರ್ಲ್ ಎಂಬ ಅಮೆರಿಕನ್ ಛಾಯಾಗ್ರಾಹಕರಿಗೆ ಯಾರಿಗೂ ಸುಲಭವಾಗಿ ಸಿಗದ ಅವಕಾಶವೊಂದು ಒದಗಿಬಂತು. 1973ರ ಸುಡುಬೇಸಿಗೆಯಲ್ಲಿ ಟೋಬಿ ಹೂಪರ್ ಚಿತ್ರೀಕರಿಸಿದ ‘ದಿ ಟೆಕ್ಸಾಸ್ ಚೈನ್ ಸಾ ಮ್ಯಾಸಕರ್’ಗೆ ಕ್ಯಾಮೆರಾ ಹಿಡಿದವರು ಅವರು. 2003ರಲ್ಲಿ ಅದರ ರಿಮೇಕ್ ತೆರೆಗೆ ಬಂದಾಗ ಕ್ಯಾಮೆರಾ ಹಿಂದೆ ಇದ್ದವರೂ ಅವರೇ. ಕಥೆ ಅದೇ, ಊರಿನ ಕಡೆಯೂ ಅದೇ, ಕಣ್ಣೂ ಅದೇ. ಆದರೂ ಎರಡು ಚಿತ್ರಗಳು ಹುಟ್ಟಿಸುವ ಭಯಕ್ಕೆ ಅಜಗಜಾಂತರ. ಮುಖವಾಡದ ಕೊಲೆಗಾರನೊಬ್ಬ ಹರೆಯದವರನ್ನು ಒಬ್ಬೊಬ್ಬರನ್ನಾಗಿ ಬೇಟೆಯಾಡುವ ‘ಸ್ಲ್ಯಾಷರ್’ ಚಿತ್ರಗಳು ರಿಮೇಕ್ ಆಗುವಾಗ ಏನನ್ನು ಕಳೆದುಕೊಂಡವು ಎಂಬುದಕ್ಕೆ ಈ ಜೋಡಿಗಿಂತ ಒಳ್ಳೆಯ ಸಾಕ್ಷಿ ಇಲ್ಲ.

1974ರಲ್ಲಿ ಬಿಡುಗಡೆಯಾದ ಮೂಲ ಚಿತ್ರದ ಒಂದು ಶಾಟ್ ನೋಡಿ. ಪ್ಯಾಮ್ ಎಂಬ ಹುಡುಗಿ ಅಂಗಳದ ಉಯ್ಯಾಲೆಯಿಂದ ಎದ್ದು ಮನೆಯತ್ತ ನಡೆಯುತ್ತಾಳೆ. ಕ್ಯಾಮೆರಾ ಉಯ್ಯಾಲೆಯ ಅಡಿಯಿಂದ ನುಸುಳಿ, ನೆಲಕ್ಕೆ ಅಂಟಿಕೊಂಡೇ ಅವಳ ಬೆನ್ನು ಹಿಡಿಯುತ್ತದೆ. ಅವಳು ಸಣ್ಣದಾಗುತ್ತಾ ಹೋದಂತೆ ಮನೆ ಬೆಳೆಯುತ್ತಾ ಬಂದು ಆಕಾಶವನ್ನೇ ಮುಚ್ಚಿಬಿಡುತ್ತದೆ. ಹಾಡಹಗಲು, ಬಿಸಿಲು, ಒಂದು ಹನಿ ರಕ್ತವಿಲ್ಲ. ಒಳಗೆ ಹೋದ ಮೇಲೆ ಮುಖವಾಡದ ಕೊಲೆಗಾರ ಲೆದರ್‌ಫೇಸ್ ಅವಳನ್ನು ಮಾಂಸದ ಕೊಕ್ಕೆಗೆ ನೇತುಹಾಕುತ್ತಾನೆ. ಕೊಕ್ಕೆ ಮೈಗೆ ಚುಚ್ಚುವುದನ್ನು ಚಿತ್ರ ತೋರಿಸುವುದೇ ಇಲ್ಲ. ನೋಡಿದವರೆಲ್ಲ ‘ನಾನು ಕಂಡೆ’ ಎಂದೇ ನಂಬಿರುತ್ತಾರೆ. ರಕ್ತ ಕಡಿಮೆಯಿದ್ದರೆ ಸೌಮ್ಯವಾದ ‘ಪಿಜಿ’ ಪ್ರಮಾಣಪತ್ರವೇ ಸಿಗಬಹುದೆಂದು ಹೂಪರ್ ಆಸೆ ಇಟ್ಟುಕೊಂಡಿದ್ದರು. ಸಿಗಲಿಲ್ಲ. ತೋರಿಸದೆ ಬಿಟ್ಟದ್ದೇ ಅಷ್ಟು ಭೀಕರವಾಗಿತ್ತು. ಊಟದ ಮೇಜಿನ ದೃಶ್ಯಕ್ಕಾಗಿ ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಕಟ್ಟಿ, ಒಂದು ಹಗಲು ಒಂದು ರಾತ್ರಿಗೂ ಮೀರಿ ಚಿತ್ರೀಕರಣ ನಡೆಯಿತು. ದೀಪಗಳ ಕಾವಿಗೆ ಸೆಟ್ಟಿನಲ್ಲಿದ್ದ ಮೂಳೆಗಳು ನಾರುತ್ತಿದ್ದವು. ನಟಿ ಮೆರಿಲಿನ್ ಬರ್ನ್ಸ್ ಅವರ ಕಿರುಚಾಟದಲ್ಲಿ ಎಷ್ಟು ನಟನೆ, ಎಷ್ಟು ನಿಜವಾದ ಬಳಲಿಕೆ ಎಂದು ಬೇರ್ಪಡಿಸಲಾಗದು.

ಎರಡು ಚಿತ್ರಗಳ ನಡುವಿನ ವರ್ಷಗಳಲ್ಲಿ ಪರ್ಲ್ ಮ್ಯೂಸಿಕ್ ವಿಡಿಯೊಗಳ ದೊಡ್ಡ ಕಸುಬುದಾರರಾಗಿದ್ದರು. ‘ಪೊಲೀಸ್’ ತಂಡದ ‘ಎವ್ರಿ ಬ್ರೆತ್ ಯು ಟೇಕ್’ ಅವರದೇ ಕೈಚಳಕ. ಮಾರ್ಕಸ್ ನಿಸ್ಪೆಲ್ ನಿರ್ದೇಶನದ ರಿಮೇಕ್‌ನಲ್ಲಿ ಆ ಕಸುಬು ಎದ್ದು ಕಾಣುತ್ತದೆ: ದೂಳಿನ ನಡುವೆ ಇಳಿಯುವ ಬೆಳಕಿನ ಕೋಲುಗಳು, ಒದ್ದೆಯಾಗಿ ಮಿನುಗುವ ಗೋಡೆಗಳು. ಇಲ್ಲಿ ಕೊಕ್ಕೆಗೆ ಬೀಳುವವನು ಒಬ್ಬ ಹುಡುಗ. ಅವನ ಕಾಲು ತುಂಡಾಗುವುದನ್ನೂ, ಗಾಯಕ್ಕೆ ಉಪ್ಪು ಮೆತ್ತುವುದನ್ನೂ ನಮಗೆ ತೋರಿಸಲಾಗುತ್ತದೆ. ಕೆಟ್ಟ ಚಿತ್ರ ಎನ್ನಲಾರೆ. ಜೆಸಿಕಾ ಬೀಲ್ ಜೀವ ತುಂಬಿದ್ದಾರೆ. ಆದರೆ ಕೊಳಕು ಕೂಡ ಚೆಂದವಾಗಿ ಕಾಣತೊಡಗಿದಾಗ ಹೊಟ್ಟೆಯೊಳಗಿನ ಆ ತಳಮಳ ಇಳಿದುಹೋಗುತ್ತದೆ.

ಗಲ್ಲಾಪೆಟ್ಟಿಗೆಗೆ ಈ ವ್ಯತ್ಯಾಸ ಬೇಕಿರಲಿಲ್ಲ. ಒಂದು ಕೋಟಿ ಡಾಲರ್‌ಗಿಂತ ಕಡಿಮೆ ಖರ್ಚಿನ ರಿಮೇಕ್ ಹತ್ತು ಕೋಟಿ ಡಾಲರ್ ದಾಟಿ ಗಳಿಸಿತು. ಮಲಯಾಳದ ‘ಮಣಿಚಿತ್ರತಾಳ್’ ಕನ್ನಡದಲ್ಲಿ ‘ಆಪ್ತಮಿತ್ರ’ವಾದಂತೆ ನಮ್ಮಲ್ಲಿ ಕಥೆ ಭಾಷೆಯಿಂದ ಭಾಷೆಗೆ ದಾಟಿದರೆ, ಹಾಲಿವುಡ್‌ನಲ್ಲಿ ಅದು ಅಪ್ಪಂದಿರ ಕಾಲದಿಂದ ಮಕ್ಕಳ ಕಾಲಕ್ಕೆ ದಾಟುತ್ತದೆ. ಹೆಸರು ಕೇಳಿಯೇ ಜನ ಬರುತ್ತಾರೆಂದು ಗೊತ್ತಾದ ಮೇಲೆ ಕೇಳಬೇಕೆ? 2006ರಲ್ಲಿ ‘ಬ್ಲ್ಯಾಕ್ ಕ್ರಿಸ್‌ಮಸ್’, 2007ರಲ್ಲಿ ‘ಹ್ಯಾಲೋವೀನ್’, 2009ರಲ್ಲಿ ‘ಫ್ರೈಡೇ ದಿ ಥರ್ಟೀನ್ತ್’, 2010ರಲ್ಲಿ ‘ಎ ನೈಟ್‌ಮೇರ್ ಆನ್ ಎಲ್ಮ್ ಸ್ಟ್ರೀಟ್’ ಸಾಲುಗಟ್ಟಿದವು.

ಇವೆಲ್ಲಕ್ಕೂ ಮೊದಲೇ ಗಸ್ ವ್ಯಾನ್ ಸ್ಯಾಂಟ್ ಒಂದು ವಿಚಿತ್ರ ಸಾಹಸ ಮಾಡಿದ್ದರು. 1960ರ ಹಿಚ್‌ಕಾಕ್ ಚಿತ್ರ ‘ಸೈಕೋ’ವನ್ನು 1998ರಲ್ಲಿ ಬಣ್ಣದಲ್ಲಿ, ಹೆಚ್ಚುಕಡಿಮೆ ಶಾಟ್‌ಗೆ ಶಾಟ್ ನಕಲು ಮಾಡಿದರು. ಜೋಸೆಫ್ ಸ್ಟೆಫಾನೊ ಅವರ ಚಿತ್ರಕಥೆಯೂ ಬರ್ನಾರ್ಡ್ ಹರ್ಮನ್ ಅವರ ಸಂಗೀತವೂ ಹಳೆಯವೇ. ನಾಯಕಿ ಕದಿಯುವ ಹಣ ಮಾತ್ರ 40,000 ಡಾಲರ್‌ನಿಂದ 4,00,000ಕ್ಕೆ ಏರಿತು. ಹಿಚ್‌ಕಾಕ್ ಕಾಲದ ಪ್ರೇಕ್ಷಕರಿಗೆ ನಾಯಕಿ ನಡುದಾರಿಯಲ್ಲೇ, ಸ್ನಾನದ ಕೋಣೆಯಲ್ಲಿ, ಸಾಯುತ್ತಾಳೆಂಬ ಸುಳಿವೇ ಇರಲಿಲ್ಲ; ತಡವಾಗಿ ಬಂದವರನ್ನು ಚಿತ್ರಮಂದಿರದೊಳಗೆ ಬಿಡಬಾರದೆಂದು ಆತ ಪಟ್ಟು ಹಿಡಿದಿದ್ದರು. 1998ರಲ್ಲಿ ಆ ಸ್ನಾನದ ಕೋಣೆಯ ಕಥೆ ಗೊತ್ತಿಲ್ಲದವರು ಯಾರಿದ್ದರು? ಶಾಟ್‌ಗಳನ್ನು ನಕಲು ಮಾಡಬಹುದು, ಪ್ರೇಕ್ಷಕರ ಮುಗ್ಧತೆಯನ್ನು ಮತ್ತೆ ಸೃಷ್ಟಿಸಲು ಬರುವುದಿಲ್ಲ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ‘ಹ್ಯಾಲೋವೀನ್’. 1978ರಲ್ಲಿ ನಿರ್ದೇಶಕ ಜಾನ್ ಕಾರ್ಪೆಂಟರ್ ಮತ್ತು ನಿರ್ಮಾಪಕಿ ಡೆಬ್ರಾ ಹಿಲ್ ಕೈಯಲ್ಲಿದ್ದದ್ದು ಮೂರು ಲಕ್ಷ ಚಿಲ್ಲರೆ ಡಾಲರ್. ಚಿತ್ರೀಕರಣ ವಸಂತದಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಕಥೆಯ ಕಾಲ ಇಲಿನಾಯ್‌ನ ಎಲೆಯುದುರುವ ಅಕ್ಟೋಬರ್. ಕಾಗದದ ಎಲೆಗಳಿಗೆ ಬಣ್ಣ ಬಳಿದು ರಸ್ತೆಗೆ ಚೆಲ್ಲಿದರು. ಶಾಟ್ ಮುಗಿದ ಮೇಲೆ ಗುಡಿಸಿ ಚೀಲಕ್ಕೆ ತುಂಬಿಕೊಂಡು ಮುಂದಿನ ಬೀದಿಗೆ ಹೊರಟರು. ಮುಖವಾಡಕ್ಕೆಂದು ತಂಡದ ಟಾಮಿ ಲೀ ವ್ಯಾಲೇಸ್ ಎರಡು ಡಾಲರ್‌ಗೂ ಕಡಿಮೆ ಬೆಲೆಗೆ ‘ಸ್ಟಾರ್ ಟ್ರೆಕ್’ನ ಕ್ಯಾಪ್ಟನ್ ಕರ್ಕ್ ಮುಖವನ್ನು ಕೊಂಡು ತಂದರು. ಹುಬ್ಬು, ಕೆನ್ನೆಗೂದಲು ಕಿತ್ತು, ಕಣ್ಣಿನ ತೂತು ಹಿಗ್ಗಿಸಿ, ಬಿಳಿ ಬಣ್ಣ ಹೊಡೆದರು. ಉಳಿದದ್ದು ಯಾರದ್ದೂ ಅಲ್ಲದ ಮುಖ. ಹಿನ್ನೆಲೆಗೆ ಕಾರ್ಪೆಂಟರ್ ಅವರೇ ಪಿಯಾನೊ ನುಡಿಸಿದರು, ನಮ್ಮ ಖಂಡಗತಿಯಂತೆ ಐದೈದರ ಎಣಿಕೆಯಲ್ಲಿ. ಹುಡುಗನಿದ್ದಾಗ ಅಪ್ಪ ಬಾಂಗೊ ಮೇಲೆ ಕಲಿಸಿದ ಲಯವದು.

ಆರಂಭದಲ್ಲಿ ಕ್ಯಾಮೆರಾವೇ ಕೊಲೆಗಾರನ ಕಣ್ಣು. ಕೊಲೆ ಮುಗಿದು ಮುಖವಾಡ ಕಳಚಿದಾಗ ಅಲ್ಲಿ ನಿಂತಿರುವವನು ಆರು ವರ್ಷದ ಮೈಕೇಲ್. ಯಾಕೆ ಕೊಂದ? ಚಿತ್ರ ಹೇಳುವುದಿಲ್ಲ. ಹದಿನೈದು ವರ್ಷ ಅವನನ್ನು ಕಂಡ ವೈದ್ಯ ಲೂಮಿಸ್ ಕೂಡ ಕೈಚೆಲ್ಲಿದ್ದಾನೆ. ಕೊನೆಗೆ ಗುಂಡೇಟು ತಿಂದು ಬಿದ್ದವನ ಶವ ಹುಲ್ಲಿನ ಮೇಲಿಲ್ಲ. ಖಾಲಿ ಮೆಟ್ಟಿಲು, ಖಾಲಿ ಕೋಣೆ, ಕತ್ತಲ ಮನೆಗಳು ಒಂದೊಂದಾಗಿ ಬರುತ್ತವೆ. ಎಲ್ಲದರ ಮೇಲೂ ಅವನ ಉಸಿರಾಟದ ಸದ್ದು.

ನಿರ್ದೇಶಕ ರಾಬ್ ಝಾಂಬಿ 2007ರ ರಿಮೇಕಿನಲ್ಲಿ ಈ ಖಾಲಿ ಜಾಗವನ್ನೆಲ್ಲ ತುಂಬಿದರು. ಮಲತಂದೆಯಂತೆ ಮನೆಯಲ್ಲಿ ಬೀಡುಬಿಟ್ಟ ಕುಡುಕ, ಬಾರಿನಲ್ಲಿ ಕುಣಿಯುವ ತಾಯಿ, ಶಾಲೆಯಲ್ಲಿ ಕಾಡುವ ಹುಡುಗರು, ಪ್ರಾಣಿಹಿಂಸೆ, ಆಸ್ಪತ್ರೆಯ ವರ್ಷಗಳು. ಅವರ ಪ್ರಾಮಾಣಿಕತೆಯ ಬಗ್ಗೆ ನನಗೆ ಸಂಶಯವಿಲ್ಲ, ತಾಯಿಯ ಪಾತ್ರ ನಿಜಕ್ಕೂ ಮನ ಕಲಕುತ್ತದೆ. ಆದರೆ ಮೈಕೇಲ್ ಬಗ್ಗೆ ಮರುಕ ಹುಟ್ಟಿದ ಗಳಿಗೆಯಲ್ಲೇ ಅವನು ಒಂದು ‘ಕೇಸ್’ ಆಗುತ್ತಾನೆ. ಕೇಸ್‌ಗೆ ಕಾರಣವಿರುತ್ತದೆ, ಕಾರಣ ಸಿಕ್ಕರೆ ನಮ್ಮ ಮನೆ, ನಮ್ಮ ಬೀದಿ ಸುರಕ್ಷಿತ ಎನಿಸುತ್ತದೆ.

ಕಂಪ್ಯೂಟರ್ ಬಂದದ್ದೂ ಭಯವನ್ನು ಹೀಗೆಯೇ ಕರಗಿಸಿತು. ವೆಸ್ ಕ್ರೇವನ್ ಅವರ 1984ರ ‘ನೈಟ್‌ಮೇರ್’ನಲ್ಲಿ ಮಲಗಿದ ನಾಯಕಿ ನ್ಯಾನ್ಸಿಯ ತಲೆಯ ಮೇಲೆ ಗೋಡೆ ಉಬ್ಬಿ ಕೊಲೆಗಾರ ಫ್ರೆಡ್ಡಿಯ ಮುಖವಾಗುವ ದೃಶ್ಯಕ್ಕೆ ಬೇಕಾದದ್ದು ಎಳೆದು ಕಟ್ಟಿದ ಸ್ಪ್ಯಾಂಡೆಕ್ಸ್ ಬಟ್ಟೆ, ಹಿಂದಿನಿಂದ ಒತ್ತುವ ಒಬ್ಬ ಮನುಷ್ಯ. 2010ರಲ್ಲಿ ಅದೇ ಉಬ್ಬು ಗ್ರಾಫಿಕ್ಸ್‌ನಲ್ಲಿ ಬಂತು. ಬಟ್ಟೆಯ ಹಿಂದೆ ಮೈಭಾರವೊಂದಿತ್ತು, ಗ್ರಾಫಿಕ್ಸ್ ಹಿಂದೆ ಅದಿಲ್ಲ.

2018ರಲ್ಲಿ ಡೇವಿಡ್ ಗಾರ್ಡನ್ ಗ್ರೀನ್ ‘ಹ್ಯಾಲೋವೀನ್’ ಹೆಸರಿನಲ್ಲೇ ಮತ್ತೊಂದು ಚಿತ್ರ ಮಾಡಿದರು, ರಿಮೇಕ್ ಮಾಡದೆ ಮೂಲದ ಮುಂದುವರಿಕೆಯಾಗಿ. ಮೂಲದ ನಾಯಕಿ ಜೇಮಿ ಲೀ ಕರ್ಟಿಸ್ ಮರಳಿದರು, ಕಾರ್ಪೆಂಟರ್ ಸಂಗೀತಕ್ಕೆ ಕೂತರು. 1981ರ ಎರಡನೇ ಭಾಗ ಹುಟ್ಟುಹಾಕಿದ ‘ನಾಯಕಿ ಲಾರಿ ಮೈಕೇಲ್‌ನ ತಂಗಿ’ ಎಂಬ ವಿವರಣೆಯನ್ನು ಜನ ಕಟ್ಟಿದ ಕಥೆ ಎಂದು ಗ್ರೀನ್ ಚಿತ್ರ ಒಂದೇ ಮಾತಿನಲ್ಲಿ ತಳ್ಳಿಹಾಕಿತು. ಆ ಚಿತ್ರದಲ್ಲಿ ಲೂಮಿಸ್‌ನ ಜಾಗಕ್ಕೆ ಬಂದ ಸಾರ್ಟೇನ್ ಎಂಬ ವೈದ್ಯನಿದ್ದಾನೆ. ಮೈಕೇಲ್ ಬಾಯಿ ಬಿಡಬೇಕು, ಅವನೊಳಗೇನಿದೆ ಎಂದು ತಿಳಿಯಬೇಕು ಎಂಬುದೇ ಅವನ ಹುಚ್ಚು. ಅದಕ್ಕಾಗಿ ಕೊಲೆಗೂ ಹೇಸುವುದಿಲ್ಲ. ಕೊನೆಗೆ ನೆಲದ ಮೇಲೆ ಬಿದ್ದು, ಏನಾದರೂ ಹೇಳು ಎಂದು ಗೋಗರೆಯುತ್ತಾನೆ. ಮೈಕೇಲ್ ಒಂದಕ್ಷರ ಆಡದೆ ಅವನ ತಲೆಯ ಮೇಲೆ ಕಾಲಿಡುತ್ತಾನೆ.