ಬ್ಯಾಡಗೊಟ್ಟದ ಅಂಗಳದಲ್ಲಿ ಮೆಣಸಿನ ಬಳ್ಳಿ

ಕೊಡಗು ಅಂದರೆ ಮಡಿಕೇರಿಯ ಮಂಜು, ತಲಕಾವೇರಿಯ ಬೆಟ್ಟ ಅಂದುಕೊಂಡವರಿಗೆ ಕೊಡ್ಲಿಪೇಟೆ ಬೇರೆಯದೇ ಸೀಮೆಯಂತೆ ಕಂಡೀತು. ಇದು ಜಿಲ್ಲೆಯ ಉತ್ತರದ ಅಂಚು, ಹಳೆಯ ಏಳುಸಾವಿರ ಸೀಮೆ. ಜಿಲ್ಲಾ ಕೇಂದ್ರ ಮಡಿಕೇರಿಗಿಂತ ಪಕ್ಕದ ಜಿಲ್ಲೆಯ ಸಕಲೇಶಪುರವೇ ಇಲ್ಲಿಗೆ ಹತ್ತಿರ. ಹೇಮಾವತಿ ದಾಟಿದರೆ ಹಾಸನ ಜಿಲ್ಲೆ. 1956ರ ನವೆಂಬರ್ 1ಕ್ಕೆ ರಾಜ್ಯಗಳು ಒಂದಾಗುವವರೆಗೆ ಹೊಳೆಯಾಚೆ ಮೈಸೂರು ರಾಜ್ಯ, ಈಚೆ ಕೊಡಗು ರಾಜ್ಯ. ಕುಶಾಲನಗರದಿಂದ ಸೋಮವಾರಪೇಟೆ, ಶನಿವಾರಸಂತೆ ಹಾದು ಬರುವ ಬಸ್ಸಿನಲ್ಲಿ ಕೂತರೆ ಕಾಫಿ ತೋಟಗಳ ನೆರಳು ಕ್ರಮೇಣ ತೆಳುವಾಗಿ, ಗದ್ದೆ ಬಯಲು ಅಗಲವಾಗುತ್ತಾ ಬರುತ್ತದೆ. ಭತ್ತದ ಕೊಯ್ಲು ಮುಗಿದ ಗದ್ದೆಯಲ್ಲೇ ಹಸಿ ಮೆಣಸಿನಕಾಯಿ ಬೆಳೆಯುವ ಊರುಗಳಿವು. ಶುಂಠಿ ಮೂಟೆ ಹೊತ್ತ ಪಿಕಪ್ಪುಗಳು ಪೇಟೆ ಬೀದಿಯಲ್ಲಿ ದಾರಿಗಾಗಿ ಹಾರನ್ ಹೊಡೆಯುತ್ತಿರುತ್ತವೆ.

ನಾನು ಬಂದದ್ದು ಈ ಹೋಬಳಿಯ ಬ್ಯಾಡಗೊಟ್ಟವನ್ನು ನೋಡಲು. ಪೇಟೆಯಲ್ಲಿ ಚಹಾ ಕುಡಿದು ದಾರಿ ವಿಚಾರಿಸಿದರೆ, ದಿಡ್ಡಳ್ಳಿಯವರ ಮನೆಗಳ ಕಡೆಗಾ ಎಂದು ಮರುಪ್ರಶ್ನೆ ಬರುತ್ತದೆ. ದಿಡ್ಡಳ್ಳಿ ಇರುವುದು ಕೊಡಗಿನ ಇನ್ನೊಂದು ತುದಿಯಲ್ಲಿ, ಸಿದ್ದಾಪುರದಾಚೆಯ ಕಾಡಂಚಿನಲ್ಲಿ. ಜಿಲ್ಲೆಯ ಉದ್ದಕ್ಕೂ ಹಾದು ಬಂದ ಆ ಜನರ ಗುರುತಿಗೆ ಅವರ ಹಳೆಯ ಊರಿನ ಹೆಸರೇ ಅಂಟಿಕೊಂಡಿದೆ.

ಡಿಸೆಂಬರ್ 7

ಅವರ ಕಥೆ ಶುರುವಾಗುವುದು ತೋಟದ ಲೈನ್ ಮನೆಯಲ್ಲಿ, ಅಂದರೆ ಕೂಲಿಯವರ ಸಾಲು ಮನೆಯಲ್ಲಿ. ದೇಶದ ಕಾಫಿಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಬೆಳೆಯುವ ಜಿಲ್ಲೆ ಕೊಡಗು. ಅದರ ಕುಯ್ಲು, ಕಳೆ, ಮರಗಸಿ ಎಲ್ಲದರಲ್ಲೂ ಬುಡಕಟ್ಟಿನವರಾದ ಜೇನು ಕುರುಬರ, ಯರವರ ಬೆವರಿದೆ. 2011ರ ಜನಗಣತಿಯಂತೆ ಜಿಲ್ಲೆಯ 5.54 ಲಕ್ಷ ಜನರಲ್ಲಿ ಸುಮಾರು 58 ಸಾವಿರ ಮಂದಿ ಪರಿಶಿಷ್ಟ ಪಂಗಡದವರು. ಕಾಡು ಮೀಸಲು ಅರಣ್ಯವಾಗಿ, ರಾಷ್ಟ್ರೀಯ ಉದ್ಯಾನವಾಗಿ ಬೇಲಿ ಬಿಗಿಯಾದ ಹಾಗೆಲ್ಲ ಇವರಲ್ಲಿ ಅನೇಕರು ತೋಟಗಳ ಸಾಲು ಮನೆಗಳಿಗೆ ಬಂದು ಸೇರಿದರು. ಅಲ್ಲಿ ಕೆಲಸ ಇರುವಷ್ಟು ದಿನ ಸೂರು. ಮುಂಗಡ ಪಡೆದ ಸಾಲ ತೀರದೆ ಉಳಿದವರುಂಟು. ಜೀತ ಪದ್ಧತಿ ರದ್ದತಿ ಕಾಯ್ದೆ 1976ರಲ್ಲೇ ಬಂದರೂ, ಸಾಲದ ಲೆಕ್ಕ ಮಾಲೀಕನ ಪುಸ್ತಕದಲ್ಲಿರುವ ತನಕ ಕೂಲಿಯವನಿಗೆ ಬಿಡುಗಡೆ ಎಲ್ಲಿ?

ಲೈನ್ ಮನೆ ಬಿಟ್ಟು ಬಂದ ಕುಟುಂಬಗಳು ದಿಡ್ಡಳ್ಳಿಯಲ್ಲಿ ಗುಡಿಸಲು ಹಾಕಿಕೊಂಡವು. ಅದು ಮೀಸಲು ಅರಣ್ಯ, ಒತ್ತುವರಿ ಎಂದಿತು ಸರ್ಕಾರ. ಇದು ನಮ್ಮ ಹಿರಿಯರು ಬಾಳಿದ ಕಾಡು ಎಂದರು ಗುಡಿಸಲಿನವರು. 2016ರ ಡಿಸೆಂಬರ್ 7ರಂದು ಪೊಲೀಸ್ ಬಂದೋಬಸ್ತಿನಲ್ಲಿ ಗುಡಿಸಲುಗಳನ್ನು ಕೆಡವಲಾಯಿತು. ಬೀದಿಗೆ ಬಿದ್ದದ್ದು 577 ಕುಟುಂಬ. ಚಳಿಗಾಲ, ಮೇಲಾಗಿ ಕಾಫಿ ಕುಯ್ಲಿನ ಸಮಯ. ಕೂಲಿಗೆ ಹೋದರೆ ಜಾಗ ಕಳೆದೀತು, ಹೋಗದಿದ್ದರೆ ಹೊಟ್ಟೆ ಕೇಳದು.

ಅವರು ಜಾಗ ಬಿಡಲಿಲ್ಲ. ಪ್ಲಾಸ್ಟಿಕ್ ಹೊದಿಕೆಯಡಿ, ಮರದ ಬುಡದಲ್ಲಿ ಒಲೆ ಹೂಡಿದರು. ಮುತ್ತಮ್ಮ ಎಂಬ ಜೇನು ಕುರುಬ ಹೆಣ್ಣುಮಗಳು ಮರವೇರಿ ಪ್ರತಿಭಟಿಸಿದ್ದು ನಾಡಿನ ಕಣ್ಣು ಆ ಕಾಡಿನ ಕಡೆ ತಿರುಗುವಂತೆ ಮಾಡಿತು. ಹಿರಿಯ ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿ, ಕೊಡಗಿನ ರಾಜಕಾರಣಿ ಎ.ಕೆ. ಸುಬ್ಬಯ್ಯ, ನಟ ಚೇತನ್ ಅವರ ಜೊತೆ ನಿಂತರು. ಆದರೆ ಹೋರಾಟದ ಬೆನ್ನೆಲುಬು ಹಸಿದುಕೊಂಡೇ ಕೂತ ಆ ಹೆಂಗಸರು. ಕೊನೆಗೆ ಸರ್ಕಾರ ಪುನರ್ವಸತಿಗೆ ಒಪ್ಪಿತು. ಒಂದು ಪಾಲು ಜನರಿಗೆ ಕುಶಾಲನಗರ ಬಳಿಯ ಬಸವನಹಳ್ಳಿ, ಇನ್ನೊಂದು ಪಾಲಿಗೆ ಈ ಬ್ಯಾಡಗೊಟ್ಟ. 2017ರಲ್ಲಿ ಇಲ್ಲಿಗೆ ಬಂದವರಿಗೆ ಮೊದಲು ಸಿಕ್ಕಿದ್ದು ತಾತ್ಕಾಲಿಕ ಶೆಡ್ಡು. ಮನೆ ಎದ್ದದ್ದು ಆಮೇಲೆ.

ಮನೆಗಳ ಸಾಲಿನಲ್ಲಿ

ಒಂದೇ ಅಳತೆಯ ಮನೆಗಳು, ನಡುವೆ ನೇರ ರಸ್ತೆ. 150ಕ್ಕೂ ಹೆಚ್ಚು ಕುಟುಂಬಗಳಿಗೆಂದು ಗುರುತಿಸಿದ ಜಾಗ. ಬೆಳಿಗ್ಗೆ ಹೊತ್ತಿಗೆ ತೋಟದ ಜೀಪು ಬಂದು ಹೋಗಿರುತ್ತದೆ. ಬುತ್ತಿ ಕಟ್ಟಿಕೊಂಡ ಗಂಡಸರು, ಹೆಂಗಸರು ಅದರಲ್ಲಿ ಹೋದ ಮೇಲೆ ಉಳಿಯುವುದು ಮುದುಕರು, ಎಳೆಯ ಮಕ್ಕಳು, ಬಾಣಂತಿಯರು. ಮೇಲ್ನೋಟಕ್ಕೆ ಎಲ್ಲ ಮನೆಯೂ ಒಂದೇ. ಆದರೆ ಹಿತ್ತಿಲು ನೋಡುತ್ತಾ ನಡೆದರೆ ಒಂದೊಂದೂ ಬೇರೆ. ಒಬ್ಬರು ಕೋಳಿಗೂಡು ಮಾಡಿದ್ದಾರೆ. ಇನ್ನೊಬ್ಬರು ಕೆಸುವಿನ ಗಡ್ಡೆ ಹಾಕಿದ್ದಾರೆ. ಮೂರನೆಯವರ ಜಗಲಿಯಲ್ಲಿ ಬಿದಿರು ಸೀಳಿ ಅರ್ಧ ಹೆಣೆದ ಬುಟ್ಟಿ.

ಒಂದು ಅಂಗಳದಲ್ಲಿ ನಾನು ಬಹಳ ಹೊತ್ತು ನಿಂತೆ. ಮೂಲೆಯಲ್ಲಿ ಹಾಲುವಾಣದ ಕೊಂಬೆಯೊಂದನ್ನು ನೆಟ್ಟಿದ್ದರು. ಅದು ಚಿಗುರಿ ಮರವಾಗುತ್ತಿತ್ತು. ಬುಡದಿಂದ ಕರಿಮೆಣಸಿನ ಬಳ್ಳಿ ಮೇಲೇರಿತ್ತು. ಗಂಟುಗಂಟಿಗೆ ಬಿಟ್ಟ ಸಣ್ಣ ಬೇರು ತೊಗಟೆಯನ್ನು ಕಚ್ಚಿ ಹಿಡಿದಿತ್ತು. ಬಳ್ಳಿ ಜಾರದ ಹಾಗೆ ಎರಡು ಕಡೆ ಹಳೆ ಸೀರೆಯ ಅಂಚಿನಿಂದ ಸಡಿಲವಾಗಿ ಕಟ್ಟಿದ್ದರು. ಬುಡಕ್ಕೆ ಒಣ ಎಲೆಯ ಮುಚ್ಚಿಗೆ. ತೋಟದಲ್ಲಿ ಬೇರೆಯವರ ಮೆಣಸನ್ನು ವರ್ಷಗಟ್ಟಲೆ ಕುಯ್ದ ಕೈಗಳ ಕಸುಬು ಅದು, ನೋಡಿದರೇ ಗೊತ್ತಾಗುತ್ತದೆ.

ನೆಟ್ಟ ಹೆಂಗಸು ಹೊರಗೆ ಬಂದು ಮಾತಾಡಿಸಿದರು. ಲೈನ್ ಮನೆಯ ಮುಂದೆ ಅವರು ಸೊಪ್ಪು ಹಾಕಿದ್ದುಂಟು, ಬೀನ್ಸ್ ಹಾಕಿದ್ದುಂಟು, ಬಳ್ಳಿ ಹಾಕಿರಲಿಲ್ಲ. ಸೊಪ್ಪು ತಿಂಗಳಲ್ಲಿ ಬರುತ್ತದೆ. ಮೆಣಸು ಫಸಲಿಗೆ ಬರಲು ಮೂರು ನಾಲ್ಕು ವರ್ಷ ಬೇಕು. ಅಷ್ಟು ವರ್ಷ ಇದೇ ಜಾಗದಲ್ಲಿ ಇರುತ್ತೇವೆಂಬ ಖಾತ್ರಿ ಇಲ್ಲದೆ ಯಾರು ನೆಟ್ಟಾರು? "ನಮ್ಮದು ಅಂತ ಆದ್ಮೇಲೆ ನೆಟ್ಟಿದ್ದಣ್ಣ" ಎಂದರು. ಬದುಕು ಬದಲಾಗುವುದು ಅಂದರೇನು ಎಂದು ನನ್ನನ್ನು ಕೇಳಿದರೆ ಈ ಬಳ್ಳಿಯನ್ನೇ ತೋರಿಸುತ್ತೇನೆ. ನಾಲ್ಕು ವರ್ಷ ಮುಂದಿನದನ್ನು ಯೋಚಿಸುವ ಅನುಕೂಲ ಈ ಮನೆತನಕ್ಕೆ ಸಿಕ್ಕಿದ್ದು ಇಲ್ಲೇ ಮೊದಲು.

ವಿಳಾಸ ಸಿಕ್ಕಿದ ಮೇಲೆ ಇನ್ನೂ ಅನೇಕ ಬಾಗಿಲು ತೆರೆಯುತ್ತವೆ. ಪಡಿತರ ಚೀಟಿಯಲ್ಲಿ, ಆಧಾರ್‌ನಲ್ಲಿ ಬರೆಯಲು ಮನೆ ನಂಬರು ಇದೆ. ಬುಡಕಟ್ಟು ಕುಟುಂಬಗಳಿಗೆ ಸರ್ಕಾರ ಕೊಡುವ ಪೌಷ್ಟಿಕ ಆಹಾರದ ಮೂಟೆ, ಅಂದರೆ ಬೇಳೆಕಾಳು, ಬೆಲ್ಲ, ಎಣ್ಣೆ, ಮೊಟ್ಟೆ, ತಲುಪಲು ಗೊತ್ತಾದ ಮನೆ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ತೋಟ ಬದಲಾಯಿಸಿದಾಗಲೆಲ್ಲ ಮಗುವಿನ ಶಾಲೆ ಬಿಡಿಸಬೇಕಾಗಿಲ್ಲ. ಒಂದೇ ಶಾಲೆಯಲ್ಲಿ ಒಂದನೇ ತರಗತಿಯಿಂದ ಮುಂದೆ ಮುಂದೆ ಹೋಗುವುದು ಪೇಟೆ ಮಕ್ಕಳಿಗೆ ಸಹಜ, ಲೈನ್ ಮನೆಯ ಮಕ್ಕಳಿಗೆ ಅದೊಂದು ಗೆಲುವು.

ತುಂಬದ ಜಾಗ

ಇಷ್ಟಾದರೂ ನಷ್ಟ ಸಣ್ಣದಲ್ಲ. ಬಂಧು ಬಳಗ, ದೈವ, ಕಾಡಿನ ಜೇನು, ಗೆಡ್ಡೆ ಗೆಣಸಿನ ಜಾಡು ಎಲ್ಲ ಉಳಿದದ್ದು ದಕ್ಷಿಣದಲ್ಲಿ. ಮೇ ತಿಂಗಳಲ್ಲಿ ದೇವರಪುರದ ಕುಂಡೆ ಹಬ್ಬಕ್ಕೆ ಹೋಗಬೇಕೆಂದರೆ ಜಿಲ್ಲೆಯನ್ನೇ ದಾಟಬೇಕು. ಕೂಲಿ ಅರಸಿ ಹಳೆ ತೋಟಗಳ ಕಡೆಗೇ ಮರಳಿದವರಿದ್ದಾರೆ. ಅವರನ್ನು ಬೈಯುವುದು ಸುಲಭ, ಆದರೆ ತಪ್ಪು. ಮನೆ ಕೊಟ್ಟ ಜಾಗದಲ್ಲಿ ದುಡಿಮೆ ಕೊಡದಿದ್ದರೆ ಜನ ದುಡಿಮೆ ಇರುವಲ್ಲಿಗೆ ಹೋಗುತ್ತಾರೆ.

ಇದು ಒಂದು ಊರಿನ ಮಾತಲ್ಲ. ನಾಗರಹೊಳೆ ಮತ್ತು ಸುತ್ತಲ ಕಾಡುಗಳಿಂದ ಎದ್ದುಬಂದವರ ಸ್ಥಿತಿ ನೋಡಲು ಹೈಕೋರ್ಟ್ ನೇಮಿಸಿದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ವರದಿ ಕೊಟ್ಟಿತು. ಅದು ಗುರುತಿಸಿದ ಬುಡಕಟ್ಟು ಕುಟುಂಬಗಳು 3,418. ಅರಣ್ಯ ಹಕ್ಕು ಕಾಯ್ದೆ ಬಂದದ್ದು 2006ರಲ್ಲಿ. ಕಾಡಿನ ಮೇಲಿನ ಹಕ್ಕನ್ನು ಕಾನೂನೇ ಒಪ್ಪಿದ ಮೇಲೂ ಪ್ರತಿ ಹಾಡಿ, ಅಂದರೆ ಬುಡಕಟ್ಟು ಜನರ ಪ್ರತಿ ಊರು, ತನ್ನ ಹಕ್ಕಿಗಾಗಿ ಬೀದಿಗಿಳಿಯಬೇಕಾಗಿ ಬಂದಿದೆ.

ಬ್ಯಾಡಗೊಟ್ಟಕ್ಕೆ ಬರುವವರು ಇದನ್ನು ಸರ್ಕಾರ ಕಟ್ಟಿಸಿಕೊಟ್ಟ ಕಾಲೊನಿ ಎಂದಷ್ಟೇ ನೋಡಬಾರದು. ಈ ಒಂದೊಂದು ಮನೆಯೂ ಆ ಚಳಿಗಾಲದಲ್ಲಿ ಜಾಗ ಬಿಡದೆ ಕೂತವರು ಗಳಿಸಿದ್ದು. ಹಿತ್ತಿಲಿನಲ್ಲಿ ಕೋಳಿ, ಕೆಸು, ಮೆಣಸು ಎಂದು ಅದನ್ನು ಬಾಳಿಗೆ ತಂದವರೂ ಅವರೇ. ನಮ್ಮ ಪಾಲಿನ ಕೆಲಸ ಇನ್ನೂ ಇದೆ. ಅಂಗಳದ ಮೂಲೆಯಲ್ಲಿ ಒಂದು ಬಳ್ಳಿಯನ್ನು ಇಷ್ಟು ಜತನದಿಂದ ಬೆಳೆಸಬಲ್ಲವರಿಗೆ ಒಂದೆರಡು ಎಕರೆ ಸಾಗುವಳಿ ಭೂಮಿ ಕೊಟ್ಟರೆ ಅವರು ತೋಟದ ಜೀಪಿಗೆ ಕಾಯಬೇಕಾಗಿಲ್ಲ. ದಿಡ್ಡಳ್ಳಿಯಲ್ಲಿ ಅವರು ಮನೆಯ ಜೊತೆ ಕೇಳಿದ್ದು ಭೂಮಿಯನ್ನೇ. ಆ ಬೇಡಿಕೆಯನ್ನು ಮರೆಯದೆ ಮತ್ತೆ ಮೇಜಿನ ಮೇಲೆ ಇಡಬೇಕಾದವರು ಈಗ ನಾವು, ಅವರ ಕೈಯಿಂದ ಬಂದ ಕಾಫಿ ಕುಡಿಯುವವರೆಲ್ಲರೂ.