ಜೀನಿನ ಬಾಯಿ ಮುಚ್ಚಿಸುವ ಪ್ಲಾಸ್ಮಿಡ್

ಯಾರೋ ಬರೆದಿಟ್ಟ ಹಳೇ ಕೋಡಿನಲ್ಲಿ ಒಂದು ಫಂಕ್ಷನ್ ಏನು ಮಾಡುತ್ತೆ ಅಂತ ತಿಳೀದಿದ್ರೆ ನಾವೇನು ಮಾಡ್ತೀವಿ? ಆ ಸಾಲುಗಳನ್ನ ಕಾಮೆಂಟ್ ಮಾಡಿ ರನ್ ಮಾಡ್ತೀವಿ. ಏನು ಕೆಟ್ಟಿತೋ ಅದೇ ಅದರ ಕೆಲಸ. ನಮ್ಮ ಜೀವಕೋಶದಲ್ಲಿ ಪ್ರೊಟೀನ್ ಮಾಡಿಸುವ ಜೀನ್‌ಗಳು ಸುಮಾರು 20,000. ಅದರಲ್ಲಿ ಒಂದನ್ನು ಮಾತ್ರ ಸುಮ್ಮನಾಗಿಸಿ ನೋಡಲು ಲ್ಯಾಬ್‌ಗಳಲ್ಲಿ ಬಳಸುವ ಉಪಾಯಗಳಲ್ಲಿ ಒಂದು ಪ್ಲಾಸ್ಮಿಡ್.

ಪ್ಲಾಸ್ಮಿಡ್ ಅಂದ್ರೆ ಬಳೆಯ ಹಾಗೆ ದುಂಡಗಿರುವ ಪುಟ್ಟ ಡಿಎನ್‌ಎ. ಬ್ಯಾಕ್ಟೀರಿಯಾದೊಳಗೆ ಹಾಕಿ ಒಂದು ರಾತ್ರಿ ಬೆಳೆಸಿದರೆ ಬೆಳಿಗ್ಗೆ ಹೊತ್ತಿಗೆ ಬೇಕಾದಷ್ಟು ಪ್ರತಿಗಳು ರೆಡಿ.

ಜೀನ್ ತಾನೇ ಪ್ರೊಟೀನ್ ಮಾಡೋದಿಲ್ಲ. ಎಂ-ಆರ್‌ಎನ್‌ಎ ಅನ್ನೋ ಚೀಟಿ ಬರೆದು ಕಳಿಸುತ್ತೆ. ಆ ಚೀಟಿಯನ್ನು ದಾರಿಯಲ್ಲೇ ಹರಿದುಹಾಕಿದರೆ? 1998ರಲ್ಲಿ ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೋ ಒಂದು ಸಣ್ಣ ಹುಳುವಿಗೆ ಜೋಡಿ ಎಳೆಯ ಆರ್‌ಎನ್‌ಎ ಚುಚ್ಚಿ ಇದು ಆಗುತ್ತೆ ಅಂತ ತೋರಿಸಿದರು. 2006ರಲ್ಲಿ ಅವರಿಗೆ ನೊಬೆಲ್ ಬಂತು. ಮನುಷ್ಯನ ಕೋಶಕ್ಕೆ ಉದ್ದದ ಜೋಡಿ ಎಳೆ ಹಾಕಿದರೆ ಅದು ವೈರಸ್ ಬಂತು ಅಂತ ಗಾಬರಿಬೀಳುತ್ತೆ. 21 ಅಕ್ಷರದಷ್ಟು ಗಿಡ್ಡ ತುಂಡಾದರೆ ಸುಮ್ಮನಿರುತ್ತೆ ಅಂತ 2001ರಲ್ಲಿ ಗೊತ್ತಾಯ್ತು. ಆದರೆ ಕೋಶಗಳು ಒಡೆದು ಹೆಚ್ಚಾದಂತೆ ಈ ತುಂಡುಗಳು ಹಂಚಿಹೋಗಿ, ಕೆಲವೇ ದಿನದಲ್ಲಿ ಪರಿಣಾಮ ಮಾಯ.

2002ರಲ್ಲಿ ಆಮ್‌ಸ್ಟರ್‌ಡ್ಯಾಮಿನ ನೆದರ್‌ಲ್ಯಾಂಡ್ಸ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟಿನವರು ಪಿ-ಸೂಪರ್ ಅನ್ನೋ ಪ್ಲಾಸ್ಮಿಡ್ ಕಟ್ಟಿದರು. ತುಂಡನ್ನ ಹೊರಗಿಂದ ಕೊಡೋ ಬದಲು, ತುಂಡು ಮಾಡೋ ಕಾರ್ಖಾನೆಯನ್ನೇ ಒಳಗೆ ಕಳಿಸೋದು! ಅದರ ವಿನ್ಯಾಸ ನನಗಂತೂ ಬಹಳ ಇಷ್ಟ. ಮೊದಲು ಎಚ್1 ಪ್ರಮೋಟರ್, ಅದು ಸ್ಟಾರ್ಟ್ ಬಟನ್. ಆಮೇಲೆ ಗುರಿ ಜೀನಿನ 19 ಅಕ್ಷರ, ನಡುವೆ 9 ಅಕ್ಷರದ ತಿರುವು, ಮತ್ತೆ ಅದೇ 19ಕ್ಕೆ ಹೊಂದುವ ಜೋಡಿ ಅಕ್ಷರಗಳು ಹಿಂದುಮುಂದಾಗಿ. ಕೊನೆಗೆ ಸಾಲಾಗಿ ಐದು ‘ಟಿ’, ಅದೇ ಫುಲ್‌ಸ್ಟಾಪ್. ಇದರಿಂದ ಬರುವ ಆರ್‌ಎನ್‌ಎ ತನ್ನ ಮೇಲೆ ತಾನೇ ಮಡಚಿಕೊಂಡು ಹೇರ್‌ಪಿನ್ ಆಗುತ್ತೆ. ಡೈಸರ್ ಅನ್ನೋ ಕಿಣ್ವ ತಿರುವನ್ನು ಕತ್ತರಿಸುತ್ತೆ. ರಿಸ್ಕ್ ಅನ್ನೋ ಪ್ರೊಟೀನ್ ತಂಡ ಒಂದು ಎಳೆಯನ್ನು ಹಿಡ್ಕೊಂಡು, ಅದಕ್ಕೆ ಹೊಂದುವ ಚೀಟಿಗಳನ್ನು ಹುಡುಕಿ ಕತ್ತರಿಸುತ್ತೆ.

ಗಮನಿಸಿ, ಜೀನ್ ಹಾಗೇ ಇದೆ. ಹಾಗಾಗಿ ಇದು ಕಾಮೆಂಟ್ ಮಾಡಿದಷ್ಟು ಪೂರ್ತಿ ಅಲ್ಲ, ವಾಲ್ಯೂಮ್ ಇಳಿಸಿದ ಹಾಗೆ. ಸ್ವಲ್ಪ ಪ್ರೊಟೀನ್ ಉಳಿದೇ ಇರುತ್ತೆ.

ಕಷ್ಟ ಬರೋದು ಬೇರೆ ಕಡೆ. ರಿಸ್ಕ್ ಹಿಡಿದ ಎಳೆಯಲ್ಲಿ 2ರಿಂದ 8ನೇ ಅಕ್ಷರ ಹೊಂದಿದರೂ ಸಾಕು, ಸಂಬಂಧವೇ ಇಲ್ಲದ ಜೀನಿನ ಚೀಟಿಗೂ ಏಟು ಬೀಳಬಹುದು. ಏಳೇ ಅಕ್ಷರ! ಮೆಲ್ಕ್ ಅನ್ನೋ ಜೀನಿನ ಕಥೆ ಕೇಳಿ. ಅದನ್ನು ಈ ಬಗೆಯ ಆರ್‌ಎನ್‌ಎಯಿಂದ ತಗ್ಗಿಸಿದಾಗ ಕ್ಯಾನ್ಸರ್ ಕೋಶಗಳು ಸಾಯುತ್ತವೆ ಅಂತ ಹಲವು ಪೇಪರ್‌ಗಳು ಬಂದವು. ಅದನ್ನು ತಡೆಯೋ ಔಷಧಿ ರೋಗಿಗಳ ಮೇಲಿನ ಪರೀಕ್ಷೆಗೂ ಹೋಯ್ತು. 2017ರಲ್ಲಿ ಜೇಸನ್ ಶೆಲ್ಟ್ಜರ್ ಅವರ ಲ್ಯಾಬಿನವರು ಕ್ರಿಸ್ಪರ್‌ನಿಂದ ಆ ಜೀನನ್ನೇ ಕೆಡಿಸಿ ನೋಡಿದರೆ, ಕೋಶಗಳು ಆರಾಮಾಗಿ ಬೆಳೀತಿದ್ವು. ಔಷಧಿ ಹಾಕಿದರೆ ಮಾತ್ರ, ಮೆಲ್ಕ್ ಇಲ್ಲದ ಕೋಶಗಳೂ ಸತ್ತವು. ಅಂದ್ರೆ ಔಷಧಿ ಹೊಡೀತಿದ್ದದ್ದು ಇನ್ನೇನನ್ನೋ.

ಇಂಥ ತಪ್ಪು ಹಿಡಿಯೋಕೆ ಸುಮ್ಮನೆ ಕಲಸಿದ ಅಕ್ಷರಗಳ ಪ್ಲಾಸ್ಮಿಡ್ ಒಂದನ್ನು ಜೊತೆಗೆ ಇಡ್ತಾರೆ. ಅದೊಂದೇ ಸಾಲದು, ಅದರ ಏಳು ಅಕ್ಷರ ಬೇರೆಯದೇ ತಾನೆ? ಒಂದೇ ಜೀನಿಗೆ ಎರಡು ಮೂರು ಬೇರೆ ಬೇರೆ ಹೇರ್‌ಪಿನ್ ಹಾಕಿ ಒಂದೇ ಫಲಿತಾಂಶ ಬರುತ್ತಾ ನೋಡಬೇಕು. ಎಲ್ಲಕ್ಕಿಂತ ಗಟ್ಟಿ ಪರೀಕ್ಷೆ ಇನ್ನೊಂದಿದೆ. ಹೇರ್‌ಪಿನ್ ಗುರುತು ಹಿಡಿಯದ ಹಾಗೆ ಅಕ್ಷರ ಬದಲಿಸಿದ, ಆದರೆ ಅದೇ ಪ್ರೊಟೀನ್ ಮಾಡೋ ಜೀನನ್ನು ಕೋಶಕ್ಕೆ ವಾಪಸ್ ಕೊಡೋದು. ಕೋಶ ಮತ್ತೆ ಸರಿಹೋದರೆ, ಕೆಟ್ಟಿದ್ದು ಆ ಜೀನ್ ತಗ್ಗಿದ್ದಕ್ಕೇ. ಸರಿಹೋಗದಿದ್ದರೆ ಅನುಮಾನ ಹೇರ್‌ಪಿನ್ ಮೇಲೆ.